ಕೊಡದ ಮೇಲಿನ ಹೆಸರಿಗೆ ಮೋಟರ್ ಹುಡುಕಿದ್ದು

ಸ್ಟೀಲ್ ಕೊಡದ ಮೇಲೆ ದ ಇರಬೇಕಾದ ಜಾಗದಲ್ಲಿ ಧ ಇತ್ತು. ಆ ಕೊಡವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. ಅಕ್ಷರದ ಬುಡದಲ್ಲಿ ಒಂದು ಸಣ್ಣ ಸೀಳು, ಅರ್ಧ ಜೋಳದ ಕಾಳಿನಷ್ಟು. ಬರೆದವನಿಗೆ ಆ ಸೀಳು ಹಾಕುವ ಉದ್ದೇಶ ಇರಲಿಲ್ಲ. ಕೈ ನಡುಗಿತ್ತು, ಅಷ್ಟೆ.

ನಮ್ಮ ಕಡೆ ಮದುವೆಗೆ ಭಾಂಡೆಪಾತ್ರೆ ಆಯೇರಿ, ಅಂದರೆ ಉಡುಗೊರೆ, ಕೊಡುವವರು ಅದರ ಮೇಲೆ ತಮ್ಮ ಹೆಸರು ಬರೆಸಿ ಕೊಡುತ್ತಾರೆ. ಯಾರು ಕೊಟ್ಟರೆಂಬುದು ಮುಂದೆ ಎಷ್ಟೋ ವರ್ಷ, ನೀರು ತುಂಬುವಾಗಲೆಲ್ಲ, ಆ ಮನೆಯವರ ಕಣ್ಣಿಗೆ ಬೀಳಬೇಕು. ಹಮ್ಮಿಗಿಯ ಒಂದು ಮನೆತನದಲ್ಲಿ ಅಣ್ಣನ ಹೆಸರು ದ ಅಕ್ಷರದಿಂದ, ತಮ್ಮನ ಹೆಸರು ಧ ಅಕ್ಷರದಿಂದ ಶುರುವಾಗುತ್ತಿತ್ತು. ಭಾಂಡೆಯ ಮೇಲೆ ಮೊದಲಕ್ಷರ ಮತ್ತು ಅಡ್ಡಹೆಸರು ಮಾತ್ರ ಬರೆಸುತ್ತಿದ್ದರು. ಅಡ್ಡಹೆಸರು ಇಬ್ಬರಿಗೂ ಒಂದೇ. ಹೊಲದ ಬದುವಿನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟಿದ್ದರು. ಅಣ್ಣ ಕೊಟ್ಟ ಕೊಡ ತಮ್ಮನ ಹೆಸರಿನಲ್ಲಿ ಮದುವೆ ಮನೆ ಸೇರಿತು. ತಮ್ಮ ಏನನ್ನೂ ಕೊಟ್ಟಿರಲಿಲ್ಲ. ಬೀಗರು ತಮ್ಮನನ್ನು ಹೊಗಳಿದರು. ಅವನು ಅಲ್ಲ ಅನ್ನಲಿಲ್ಲ.

ಅಣ್ಣ ಆ ಕೊಡವನ್ನು ಇಸಿದುಕೊಂಡು ಲಕ್ಷ್ಮೇಶ್ವರದ ಭಾಂಡೆ ಅಂಗಡಿಗೆ ಬಂದಾಗ ನಾನು ಅಲ್ಲೇ ಕುಳಿತಿದ್ದೆ. ಅಂಗಡಿಯ ಬಾಗಿಲಲ್ಲಿ, ಗೋಣಿತಟ್ಟಿನ ಮೇಲೆ ಕುಳಿತು, ಕರೆಂಟಿನ ಸೂಜಿಯಿಂದ ಹೆಸರು ಕೊರೆಯುತ್ತಿದ್ದವನು ನನ್ನ ಗೆಳೆಯ. ಶಿರಹಟ್ಟಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಅವನ ಅಪ್ಪ ಊರೂರು ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಸ್ಟೀಲು ಬಂದ ಮೇಲೆ ಕಲಾಯಿ ಹೋಯಿತು. ಮಗ ಸ್ಟೀಲಿನ ಮೇಲೆ ಹೆಸರು ಬರೆಯಲು ಕುಳಿತ.

"ಇದ ಯಾವ ಅಕ್ಷರೋ ಮಾರಾಯಾ?" ಎಂದು ಹಮ್ಮಿಗಿಯ ಅಣ್ಣ ಕೊಡವನ್ನು ಅವನ ತೊಡೆಯ ಮೇಲಿಟ್ಟರು.

ಗೆಳೆಯ ನೋಡಿದ. "ದ ರೀ."

"ಬುಡಕ ಇದೇನ ಬಾಲ?"

"ಅದು... ಸೂಜಿ ಜಾರೇತ್ರಿ."

"ನಿಂದು ಸೂಜಿ ಜಾರತು, ನನ್ನ ಕೊಡ ಅವನ ಹೆಸರಿಗೆ ಜಾರತು. ಆ ಹಲ್ಕಟ್ ಮೀಸಿ ತಿರುವಿಕೋತ ಅಡ್ಡಾಡಾಕತ್ತಾನ ಊರಾಗ."

ಅಂಗಡಿಯ ಸಾವಕಾರರು ಒಳಗಿನಿಂದ ಎದ್ದು ಬಂದು ಬೇರೆ ಕೊಡ ಕೊಟ್ಟು ಕಳಿಸಿದರು. ಅವರು ಕೆಟ್ಟವರಲ್ಲ. ಗೆಳೆಯನ ಎದುರು ಕುಕ್ಕರಗಾಲಿನಲ್ಲಿ ಕುಳಿತು, "ಕೈ ಚಾಚು ನೋಡೂಣು" ಎಂದರು. ಅವನು ಬಲಗೈ ಚಾಚಿದ. ಮೂವರೂ ನೋಡಿದೆವು. ಬೆರಳ ತುದಿಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸಾವಕಾರರು, "ತುಳಸಿ ಲಗ್ನದ ತನಕ ನೋಡತೇನಪಾ. ಸೀಜನ್ ಸುರು ಆಗೂದ್ರಾಗ ನಿನ್ನ ಕೈ ನೆಟ್ಟಗಾಗಲಿಲ್ಲಂದ್ರ ಈ ಜಾಗಾದಾಗ ಬ್ಯಾರೆದವರನ್ನ ಕುಂಡ್ರಸ್ತೇನಿ. ಸಿಟ್ಟ ಆಗಬ್ಯಾಡ" ಎಂದರು. ಅವನು ಸಿಟ್ಟಾಗಲಿಲ್ಲ. ಅದು ಆಷಾಢ. ತುಳಸಿ ಲಗ್ನಕ್ಕೆ ನಾಲ್ಕು ತಿಂಗಳ ಮೇಲೆ ಸ್ವಲ್ಪ ದಿನ ಇತ್ತು. ಹುಬ್ಬಳ್ಳಿಯ ಡಾಕ್ಟರು ಆಗಲೇ ಅವನಿಗೆ, ಇದು ಕಡಿಮೆಯಾಗಬಹುದು, ಹೋಗುವುದಿಲ್ಲ ಎಂದಿದ್ದರು. ಅದನ್ನು ಅವನು ನನಗೊಬ್ಬನಿಗೇ ಹೇಳಿದ್ದ.

ನಾನು ಗದಗಿನಲ್ಲಿ ಮೋಟರ್ ಸುತ್ತುವವನು. ಸುಟ್ಟ ಪಂಪ್‌ಸೆಟ್ಟಿನ ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ಹೊಟ್ಟೆಪಾಡು. ಇದರ ಜೊತೆ ನನಗೊಂದು ಹುಚ್ಚಿತ್ತು. ಕಂಪ್ಯೂಟರ್ ಹೇಳಿದಂತೆ ಚಲಿಸಿ ಗೆರೆ ಕೊರೆಯುವ ಸಣ್ಣ ಯಂತ್ರಗಳನ್ನು, ಹಳೆಯ ಪ್ರಿಂಟರು ಜೆರಾಕ್ಸ್ ಮಶಿನ್ನುಗಳ ಅವಶೇಷದಿಂದ, ಮನೆಯ ಮೇಜಿನ ಮೇಲೆ ಕಟ್ಟುತ್ತಿದ್ದೆ. ಸಿಎನ್‌ಸಿ ಎನ್ನುತ್ತಾರೆ. ಆಗ ನಾವು ಗದಗವನ್ನು ಇನ್ನೂ ಹೊಸ ಜಿಲ್ಲೆ ಎಂದೇ ಕರೆಯುತ್ತಿದ್ದೆವು, ಅಷ್ಟರಲ್ಲಿ ಅದಕ್ಕೆ ಮೀಸೆ ಬರುವ ವಯಸ್ಸಾಗಿತ್ತು. ನನ್ನ ಯಂತ್ರ ಅಲ್ಲಿಯವರೆಗೆ ಪ್ಲೈವುಡ್ಡಿನ ಮೇಲೆ ಇಂಗ್ಲಿಷ್ ದೊಡ್ಡಕ್ಷರಗಳನ್ನು ಬರೆದಿತ್ತು. ಚೆನ್ನಾಗಿಯೇ ಬರೆದಿತ್ತು. ಅದನ್ನು ನಂಬಿ ನಾನು ಆ ದಿನ ಸಂಜೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನಿಗೆ, "ನಿನ್ನ ಸೂಜಿನ ಮಶಿನ್ನಿಗೆ ಕಟ್ಟೂಣು" ಎಂದುಬಿಟ್ಟೆ.

"ಕೊಡ ಗುಂಡಗ ಐತ್ಲೇ," ಎಂದ ಅವನು.

"ಕೊಡಾನ ತಿರುಗಸೂಣು. ಸೂಜಿ ಮುಂದ ಹಿಂದ ಅಷ್ಟ ಹೋಗಲಿ."

ಯೋಚನೆ ಸರಿಯಾಗಿತ್ತು. ಸೂಜಿ ಕೊಡದ ಉದ್ದಕ್ಕೆ ಓಡಾಡಬೇಕು, ಕೊಡ ತನ್ನ ಸುತ್ತ ತಿರುಗಬೇಕು, ಎರಡೂ ಕೂಡಿದರೆ ಅಕ್ಷರ. ಕೊಡ ತಿರುಗಿಸಲು ಯಾವ ಮೋಟರ್ ಎಂಬುದೊಂದೇ ಪ್ರಶ್ನೆ ಉಳಿದಿತ್ತು. ನಾಲ್ಕು ತಿಂಗಳು ಆ ಒಂದು ಪ್ರಶ್ನೆಗೇ ಹೋದವು.

ಇದಕ್ಕೆ ಹಾಕುವುದು ಸ್ಟೆಪ್ಪರ್ ಮೋಟರ್. ಪಂಪ್‌ಸೆಟ್ಟಿನ ಮೋಟರ್ ಓಡುತ್ತದೆ. ಇದು ಓಡುವುದಿಲ್ಲ, ಹೆಜ್ಜೆ ಹಾಕುತ್ತದೆ. ಒಂದು ಸುತ್ತಿಗೆ ಇನ್ನೂರು ಹೆಜ್ಜೆ. ಎಷ್ಟು ಹೆಜ್ಜೆ ಅಂದರೆ ಅಷ್ಟು ಹಾಕಿ ನಿಲ್ಲುತ್ತದೆ. ನನ್ನ ಮೊದಲ ತಪ್ಪು ನನ್ನ ಉದ್ಯೋಗದ ತಪ್ಪು. ಮುಂಡರಗಿ ಕಡೆಯ ಹೊಳೆದಂಡೆಯ ರೈತರು ಐದು ಎಚ್‌ಪಿ ಸಾಕಾಗುವಲ್ಲಿ ಏಳೂವರೆ ಕೇಳುತ್ತಾರೆ, ನಾನು ಅವರಿಗೆ ಎಂದೂ ಬೇಡ ಎಂದಿಲ್ಲ. ಅದೇ ಲೆಕ್ಕದಲ್ಲಿ ಸಿಕ್ಕದ್ದರಲ್ಲೇ ದೊಡ್ಡ ಸ್ಟೆಪ್ಪರ್ ತಂದೆ. ಕೊಡದ ಬಾಯಿಗೆ ಒಂದು ಮರದ ಬೆಣೆ ಬಡಿದು, ಬೆಣೆಗೆ ಮೋಟರಿನ ಶಾಫ್ಟ್ ನೇರವಾಗಿ ಸೇರಿಸಿದೆ. ಗುಂಡಿ ಒತ್ತಿದೆ. ಕೊಡ ತಿರುಗಲಿಲ್ಲ, ಬೆದರಿತು. ಒಂದೊಂದು ಹೆಜ್ಜೆಗೂ ಮೋಟರ್ ಒದೆಯುತ್ತಿತ್ತು. ಒಂದು ವೇಗದಲ್ಲಂತೂ ಮೋಟರಿನ ಒದೆತ ಮತ್ತು ಕೊಡದ ನಡುಕ ಒಂದಕ್ಕೊಂದು ತಾಳ ಕೂಡಿ, ಖಾಲಿ ಕೊಡ ದೇವಸ್ಥಾನದ ಗಂಟೆಯಂತೆ ಮೊಳಗಿತು. ಪಕ್ಕದ ಮನೆಯವರು ಬಂದು, ಪೂಜೆ ಏನಾದರೂ ಐತೇನ್ರಿ ಎಂದು ಕೇಳಿದರು. ಇಲ್ಲ ಎಂದೆ.

ಅಕ್ಷರ ಮೆಟ್ಟಿಲುಮೆಟ್ಟಿಲಾಗಿ ಬಂದಿತ್ತು. ಅಳೆದೆ. ಕೊಡದ ಹೊಟ್ಟೆಯ ಸುತ್ತಳತೆ ಮೂರಡಿಗೆ ಒಂದು ಬೆರಳು ಹೆಚ್ಚು. ಅದನ್ನು ಇನ್ನೂರು ಭಾಗ ಮಾಡಿದರೆ ಒಂದು ಹೆಜ್ಜೆ ಹತ್ತಿರಹತ್ತಿರ ಐದು ಮಿಲಿಮೀಟರು. ಬರೆಯಬೇಕಾದ ಅಕ್ಷರದ ಎತ್ತರವೇ ಹನ್ನೆರಡು ಮಿಲಿಮೀಟರು. ಅಂಗಡಿ ರಜೆ ಇದ್ದ ದಿನ ಗದಗಿಗೆ ಬರುತ್ತಿದ್ದ ಗೆಳೆಯ ಅದನ್ನು ನೋಡಿ, "ನನ್ನ ಕೈ ಇದಕ್ಕಿಂತ ಛಲೋ ನಡಗತೈತಿ" ಎಂದ. ಖರೆ ಇತ್ತು.

ಹಾಗಾದರೆ ಮೋಟರ್ ಮೂರು ಸುತ್ತು ತಿರುಗಿದಾಗ ಕೊಡ ಒಂದೇ ಸುತ್ತು ತಿರುಗಬೇಕು. ಒಂದು ಹೆಜ್ಜೆ ಮೂರು ಪಾಲಾಗುತ್ತದೆ, ಚಿಕ್ಕ ಮೋಟರ್ ಸಾಕಾಗುತ್ತದೆ, ಒದೆತವೂ ಇಳಿಯುತ್ತದೆ. ಗೇರು ಹಾಕಿದರೆ ಹಲ್ಲುಗಳ ನಡುವೆ ಸಡಿಲ ಇರುತ್ತದೆಂದು, ಹಲ್ಲು ಇರುವ ರಬ್ಬರ್ ಬೆಲ್ಟು ಮತ್ತು ಎರಡು ಗಾಲಿ ತರಿಸಿದೆ. ಒಂದಕ್ಕೆ ಇಪ್ಪತ್ತು ಹಲ್ಲು, ಇನ್ನೊಂದಕ್ಕೆ ಅರವತ್ತು. ಶಾಫ್ಟಿಗೆ ಸರಿಯಾಗಿ ತೂತು ಕೊರೆಯಲು ಬೆಟಗೇರಿಯ ಒಬ್ಬ ಲೇಥಿನವರಿಗೆ ಕೊಟ್ಟೆ. ಮೋಟರಿನ ಶಾಫ್ಟು ಐದು ಮಿಲಿಮೀಟರು, ಕೊಡದ ಕಡೆಯದು ಎಂಟು. "ಒಂದಕ್ಕ ಮೂರು ಆಗಬೇಕ್ರಿ" ಎಂದು ಹೇಳಿ ಬಂದೆ. ನನ್ನ ಜೀವನದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ನಾನು ಏನನ್ನೂ ಹೇಳಿಲ್ಲ ಎಂದುಕೊಂಡಿದ್ದೆ.

ಬೆಲ್ಟು ಹಾಕಿ ಗುಂಡಿ ಒತ್ತಿದಾಗ ಮೂರು ಬೆರಳು ಅಗಲದ ಠ ಅಕ್ಷರ ಬರೆಯಲು ಹೇಳಿದ್ದೆ. ಅದು ಬರೀ ದುಂಡು, ನಡುವೆ ಒಂದು ಚುಕ್ಕೆ. ತಪ್ಪಾದರೆ ತಕ್ಷಣ ಕಾಣುತ್ತದೆ. ಕೊಡ ಗರಕ್ಕನೆ ತಿರುಗಿತು. ಠ ಶುರುವಾದದ್ದು ನನ್ನ ಕಡೆ, ಮುಗಿದದ್ದು ಗೋಡೆಯ ಕಡೆ. ಮೂರು ಪಟ್ಟು ಇಳಿಯಬೇಕಾದದ್ದು ಮೂರು ಪಟ್ಟು ಏರಿ, ಒಂಬತ್ತು ಪಟ್ಟು ಅಗಲವಾಗಿತ್ತು. ಗೆಳೆಯ ಕೊಡವನ್ನು ಎತ್ತಿ ಸುತ್ತಲೂ ನೋಡಿ, "ಬಾರ್ಡರ್ ಛಲೋ ಬಂದೈತಿ. ಸೀರಿ ನೇಯೂದಿತ್ತೇನು?" ಎಂದ.

ದೊಡ್ಡ ಗಾಲಿಯನ್ನು ಮೋಟರಿಗೆ, ಚಿಕ್ಕದನ್ನು ಕೊಡಕ್ಕೆ ಕೊರೆಯಲಾಗಿತ್ತು. ನಾನು ಬೆಟಗೇರಿಗೆ ಹೋದೆ.

"ಒಂದಕ್ಕ ಮೂರು ಅಂದಿದ್ನಲ್ರಿ."

"ಒಂದಕ್ಕ ಮೂರ ಮಾಡೇನಲ್ರಿ," ಎಂದರು ಲೇಥಿನವರು, ಕೈ ಒರೆಸಿಕೊಳ್ಳುತ್ತ. "ಇಂಜಿನ್ ಒಂದ ಸುತ್ತ ಹಾಕಿದ್ರ ಮಶಿನ್ ಮೂರ ಸುತ್ತ ಹಾಕಬೇಕು. ಶೇಂಗಾ ಒಡಿಯೂ ಮಶಿನ್ನಿಗೆ ನಾಕ ಮಾಡ್ತೇವಿ. ಖಾರದ ಮಶಿನ್ನಿಗೆ ಐದೂ ಮಾಡೇನಿ."

"ನನಗ ಸಾವಕಾಶ ಆಗಬೇಕಾಗಿತ್ರಿ."

ಅವರು ಕೈ ಒರೆಸುವುದನ್ನು ನಿಲ್ಲಿಸಿದರು. "ಸಾವಕಾಶ ಮಾಡಾಕ ಯಾರರೇ ಗಾಲಿ ಹಾಕಸ್ತಾರೇನ್ರಿ?"

ಅವರ ತಪ್ಪಲ್ಲ. ಇಷ್ಟು ವರ್ಷ ಅವರ ಬಳಿಗೆ ಬಂದ ಯಾರೂ ನಿಧಾನ ಬೇಕೆಂದು ಕೇಳಿರಲಿಲ್ಲ. ಕೊರೆದ ತೂತು ಮುಚ್ಚಿಕೊಳ್ಳುವುದಿಲ್ಲ. ಬೇರೆ ಗಾಲಿ ತರಿಸಿ, ಚಿಕ್ಕದರ ಮೇಲೆ ಮಾರ್ಕರ್ ಪೆನ್ನಿನಿಂದ "ಮೋಟರ್" ಎಂದು ಬರೆದು, ದೊಡ್ಡದರ ಮೇಲೆ "ಕೊಡ" ಎಂದು ಬರೆದು ಕೊಟ್ಟೆ. ಅಷ್ಟರಲ್ಲಿ ಶ್ರಾವಣ ಮುಗಿದಿತ್ತು.

ಈಗ ಸಣ್ಣ ಲೋಟದ ಮೇಲೆ ಅಕ್ಷರ ನುಣುಪಾಗಿ ಬಂತು. ತಂಬಿಗೆಯ ಮೇಲೆ ಪರವಾಗಿಲ್ಲ. ಕೊಡದ ಮೇಲೆ ಮತ್ತೆ ಮೆಟ್ಟಿಲು. ಕಾರಣ ಸರಳ, ಆದರೆ ಕಾಗದದ ಮೇಲೆ ಗೆರೆ ಎಳೆಯುವವರೆಗೆ ನನಗೆ ಹೊಳೆಯಲಿಲ್ಲ. ನಡುವಿನಿಂದ ತಿರುಗಿಸಿದರೆ ಪಾತ್ರೆ ದೊಡ್ಡದಾದಷ್ಟೂ ಅದೇ ಹೆಜ್ಜೆ ಹೊಟ್ಟೆಯ ಮೇಲೆ ದೊಡ್ಡದಾಗುತ್ತದೆ. ಕೊಡಕ್ಕೆ ಇನ್ನೂ ಹೆಚ್ಚು ಇಳಿಸಬೇಕು. ನನ್ನ ಹತ್ತಿರ ಒಂದಕ್ಕೆ ಮೂವತ್ತು ಇಳಿಸುವ ತಿರುಪಿನ ಗೇರು ಇತ್ತು, ಸಡಿಲ ಇರುತ್ತದೆಂದು ಗೊತ್ತಿದ್ದೂ ಅದನ್ನು ಹಾಕಿದೆ. ಹೆಜ್ಜೆ ಕಾಣದಷ್ಟು ಸಣ್ಣದಾಯಿತು. ಆದರೆ ಠ ಮುಚ್ಚಿಕೊಳ್ಳಲಿಲ್ಲ. ದುಂಡು ಬರೆಯುವಾಗ ಕೊಡ ಒಮ್ಮೆ ಆ ಕಡೆ ತಿರುಗಿ ಮತ್ತೆ ಈ ಕಡೆ ತಿರುಗಬೇಕು. ತಿರುವು ಬದಲಾದಾಗಲೆಲ್ಲ ಗೇರಿನ ಹಲ್ಲು ತನ್ನ ಸಡಿಲು ತುಂಬುವ ತನಕ ಕೊಡ ಸುಮ್ಮನೆ ನಿಲ್ಲುತ್ತಿತ್ತು. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚು, ಅದು ಅಷ್ಟಾಗಿ ಕಂಡಿರಲಿಲ್ಲ. ಕನ್ನಡದಲ್ಲಿ ತಿರುಗದ ಅಕ್ಷರ ಇಲ್ಲ. ನನ್ನ ಯಂತ್ರ ಬರೆದ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಎಲ್ಲೋ ಒಂದು ಸೀಳು ಇತ್ತು. ದ ಬರೆಸಿದೆ. ಬುಡದಲ್ಲಿ ಸೀಳು ಬಿತ್ತು.

ಚಹಾ ಕುಡಿದೆವು. ಅವನು ಬಸಿ ಹಿಡಿಯಲು ಎರಡೂ ಕೈ ಬಳಸುತ್ತಿದ್ದ. ಕುಡಿದು ಕೆಳಗಿಟ್ಟು ಹೇಳಿದ:

"ಕೊಡಾನ ಕುತಗಿ ಹಿಡದು ತಿರುಗಸ್ತಾರೇನಲೇ? ನಮ್ಮಪ್ಪ ಕಲಾಯಿ ಹಾಕುವಾಗ ಇಷ್ಟ ದೊಡ್ಡ ಹಂಡೆ ಇದ್ರೂ ಹೊಟ್ಟಿಗೆ ಕಾಲ ಹಚ್ಚಿ ಉಳ್ಳಸ್ತಿದ್ದ. ಸಣ್ಣದಿರಲಿ ದೊಡ್ಡದಿರಲಿ, ಕಾಲ ಎಷ್ಟ ದೂಡಿದ್ರ ಪಾತ್ರಿ ಅಷ್ಟ ಉಳ್ಳತಿತ್ತು."

ಮೂವತ್ತು ವರ್ಷ ಮೋಟರಿನ ಕೆಲಸ ಮಾಡಿದವನಿಗೆ ಇದು ತಾನಾಗಿ ಹೊಳೆಯಬೇಕಿತ್ತು ಎಂದು ಮಾತ್ರ ಬರೆಯುತ್ತೇನೆ.

ಎರಡು ರಬ್ಬರಿನ ರೋಲರುಗಳನ್ನು ಅಕ್ಕಪಕ್ಕ ಇಟ್ಟು, ಕೊಡವನ್ನು ಅವುಗಳ ಮೇಲೆ ಅಡ್ಡ ಮಲಗಿಸಿದೆವು, ಕುತ್ತಿಗೆಗೆ ಒಂದು ಚಿಕ್ಕ ಗಾಲಿಯ ಆಸರೆ. ಒಂದು ರೋಲರನ್ನು ಮೋಟರ್ ತಿರುಗಿಸುತ್ತದೆ, ರೋಲರು ಕೊಡದ ಹೊಟ್ಟೆಯನ್ನು ಉರುಳಿಸುತ್ತದೆ. ರೋಲರು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದರ ಸುತ್ತಳತೆ ಇನ್ನೂರು ಪಾಲಾಗಿ, ಬೆಲ್ಟಿನಿಂದ ಮತ್ತೆ ಮೂರು ಪಾಲಾಗಿ, ಒಂದು ಹೆಜ್ಜೆ ಒಂದು ದಪ್ಪ ಕೂದಲಿನಷ್ಟಾಯಿತು. ಲೋಟಕ್ಕೂ ಅಷ್ಟೇ, ಹಂಡೆಗೂ ಅಷ್ಟೇ. ಬೆಲ್ಟಿನಲ್ಲಿ ಸಡಿಲಿಲ್ಲ, ಠ ಮುಚ್ಚಿಕೊಂಡಿತು. ಇಳಿಸಿದ್ದರಿಂದ ಮೋಟರ್ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ಜೋರಾಗಿ ತಿರುಗಬೇಕಾಗಿ, ಮೊದಲು ಗಂಟೆ ಬಾರಿಸುತ್ತಿದ್ದ ಆ ಕೆಟ್ಟ ವೇಗವನ್ನು ದಾಟಿ ಹೋಗಿತ್ತು. ದೊಡ್ಡ ಮೋಟರನ್ನು ತೆಗೆದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದನ್ನು ಹಾಕಿದೆ. ಅದು ಒದೆಯಲಿಲ್ಲ. ಅಕ್ಷರಗಳನ್ನು ಗೆಳೆಯನ ಮನೆಯ ಹಳೆಯ ಭಾಂಡೆಗಳಿಂದ ತೆಗೆದುಕೊಂಡೆ. ಅವನ ಕೈ ನೆಟ್ಟಗಿದ್ದ ಕಾಲದಲ್ಲಿ ತನ್ನ ಮನೆಯವರಿಗೆಂದು ಕೊರೆದ ಹೆಸರುಗಳು. ಫೋಟೋ ತೆಗೆದು ಒಂದೊಂದೇ ಅಕ್ಷರದ ಗೆರೆ ಹಿಡಿದು ಕಂಪ್ಯೂಟರಿಗೆ ಹಾಕಿದೆ.

ಒಂದು ಉಳಿದಿತ್ತು. ಮೋಟರ್ ಸುಮ್ಮನಾದ ಮೇಲೆ ಸೂಜಿಯ ಸದ್ದು ಕೇಳತೊಡಗಿತು. ಕರೆಂಟಿನ ಸೂಜಿ ಕುಟ್ಟಿದಂತೆ ಖಾಲಿ ಕೊಡ ಮೊಳಗುತ್ತ, ರೋಲರಿನ ಮೇಲೆ ಕೂದಲೆಳೆಯಷ್ಟು ಕುಣಿಯುತ್ತ, ಸೂಜಿ ಕೊರೆಯುವ ಚುಕ್ಕೆಗಳನ್ನು ಎರಡೆರಡಾಗಿ ಮೂಡಿಸುತ್ತಿತ್ತು. ನಾನು ಮೋಟರಿನ ಕರೆಂಟು ಕಡಿಮೆ ಮಾಡಲು ಹೊರಟೆ. ಗೆಳೆಯ ಕೊಡದ ಬಾಯೊಳಗೆ ಎಡಗೈ ಹಾಕಿ, ಒಳಗಿನಿಂದ ಅಂಗೈ ಒತ್ತಿ ಹಿಡಿದ. ಸದ್ದು ನಿಂತಿತು. ಚುಕ್ಕೆ ಒಂದೊಂದೇ ಬಿದ್ದವು. "ಹಿಂಗ ಹಿಡೀಲಿಲ್ಲಂದ್ರ ಕೊಡ ಅಳತೈತಿ" ಎಂದ. ಕೈ ಕೊಡದ ಒಳಗಿತ್ತು. ನಡುಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಅವನು ಹೋದ ಮೇಲೆ ನಾನು ಸೈಕಲ್ ಟ್ಯೂಬಿನ ಒಂದು ಅಗಲ ತುಂಡು ಕತ್ತರಿಸಿ, ಒದ್ದೆ ಮಾಡಿ, ಕೊಡದ ಒಳಗೆ ಅಂಟಿಸಿ ಬರೆಸಿ ನೋಡಿದೆ. ಅದೂ ಅಷ್ಟೇ ಚೆನ್ನಾಗಿ ಬಂತು. ತುಂಡನ್ನು ಚೀಲಕ್ಕೆ ಹಾಕಿಕೊಂಡೆ.

ದೀಪಾವಳಿ ಮುಗಿದು, ತುಳಸಿ ಲಗ್ನಕ್ಕೆ ಎರಡು ದಿನ ಇರುವಾಗ ಯಂತ್ರವನ್ನು ಲಕ್ಷ್ಮೇಶ್ವರಕ್ಕೆ ಒಯ್ದೆವು. ಬಸ್ಸಿನಲ್ಲಿ ಕಂಡಕ್ಟರು ಅದು ಹೊಲಿಗೆ ಮಶಿನ್ನೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಲಗೇಜು ಟಿಕೆಟ್ ಹರಿದರು. ಅಂಗಡಿಯ ಬಾಗಿಲಲ್ಲಿ ಗೋಣಿತಟ್ಟಿನ ಪಕ್ಕ ಅದನ್ನಿಟ್ಟೆವು. ಅಸುಂಡಿಯಿಂದ ಬಂದ ಗಂಡಹೆಂಡತಿ ಒಂದು ಕೊಡ ತೆಗೆದುಕೊಂಡು ನಿಂತಿದ್ದರು. ಗೆಳೆಯ ಹೆಸರು ಕೇಳಿ, ಯಂತ್ರಕ್ಕೆ ಹಾಕಿ, ಎಡಗೈ ಕೊಡದೊಳಗಿಟ್ಟು, ಬಲಗೈಯಿಂದ ಗುಂಡಿ ಒತ್ತಿದ. ಹೆಸರು ಬಂತು. ಸಾವಕಾರರು ಕನ್ನಡಕ ಏರಿಸಿ ಓದಿದರು. ಬೆರಳಾಡಿಸಿದರು. ಬಹಳ ಸಂತೋಷಪಟ್ಟರು. ಆಮೇಲೆ ಹೇಳಿದರು:

"ಹಂಗಾರ ಗುಂಡಿ ಒತ್ತೂದ ಅಷ್ಟ ಐತಿ ಕೆಲಸ?"

ಗೆಳೆಯ ಕೊಡವನ್ನು ರೋಲರಿನಿಂದ ಎತ್ತಿ ಅಸುಂಡಿಯವರಿಗೆ ಕೊಟ್ಟ.

"ಗುಂಡಿ ನಾನೂ ಒತ್ತತೇನಲ್ರಿ," ಎಂದು ಅವರು ನನ್ನ ಕಡೆ ನೋಡಿದರು. ಅದರಲ್ಲಿ ಕಪಟವಿರಲಿಲ್ಲ. ಅವರಿಗೆ ಆಗ ತಾನೆ ಹೊಳೆದಿತ್ತು. ನನಗೂ ಆಗ ತಾನೆ ಹೊಳೆಯಿತು. ನಾಲ್ಕು ತಿಂಗಳು ಕೂತು ನಾನು ಅವನ ಅಕ್ಷರಗಳನ್ನು ಅವನ ಕೈಯಿಂದ ಬಿಡಿಸಿ ಒಂದು ಡಬ್ಬಿಯಲ್ಲಿ ಹಾಕಿ, ತಂದು ಅವನ ಜಾಗದಲ್ಲಿ ಇಟ್ಟಿದ್ದೆ. ಅಲ್ಲಿ ಬೋರಲು ಇಟ್ಟಿದ್ದ ಡಬರಿ ಪಾತ್ರೆಯ ಮೇಲೆ ಕುಳಿತೆ.

"ಒತ್ತರಿ ಸಾವಕಾರ್ರ," ಎಂದು ಗೆಳೆಯ ಎದ್ದು ಗೋಣಿತಟ್ಟು ಬಿಟ್ಟುಕೊಟ್ಟ.

ಅವರು ಕುಳಿತು, ಇನ್ನೊಂದು ಕೊಡ ಮಲಗಿಸಿ, ತಮ್ಮದೇ ಹೆಸರು ಹಾಕಿಸಿ, ಗುಂಡಿ ಒತ್ತಿದರು. ಎರಡೂ ಕೈ ತೊಡೆಯ ಮೇಲಿದ್ದವು. ಕೊಡ ಮೊಳಗಿತು. ಎದುರಿನ ಕಿರಾಣಿ ಅಂಗಡಿಯವರು ತಲೆ ಹೊರಗೆ ಹಾಕಿದರು. ಅಸುಂಡಿಯ ಹೆಂಗಸು ಕಿವಿ ಮುಚ್ಚಿಕೊಂಡು, "ಅಯ್ಯ ಶಿವನ, ಕೊಡ ಒಡದಗಿಡದೀತ್ರಿ, ನಿಂದ್ರಸ್ರಿ" ಎಂದರು. ಸಾವಕಾರರು ಯಾವ ಗುಂಡಿ ಎಂದು ತಿಳಿಯದೆ ಎಲ್ಲವನ್ನೂ ಒತ್ತಿದರು. ಹೆಸರು ಎರಡೆರಡು ಗೆರೆಯಾಗಿ ಬಂದಿತ್ತು. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದೇನಪಾ, ನಿನಗ ಒಂದ ನಮೂನಿ ಬರೀತೈತಿ, ನನಗ ಒಂದ ನಮೂನಿ?"

"ಅದಕ್ಕ ನನ್ನ ರೂಢಿ ಆಗೇತ್ರಿ," ಎಂದ ಗೆಳೆಯ.

ಅವರು ನನ್ನ ಕಡೆ ತಿರುಗಿದರು. "ಖರೆ ಏನ್ರಿ? ಮಶಿನ್ನಿಗೂ ರೂಢಿ ಇರತಾವೇನು?"

ಮೋಟರ್ ವಿಷಯದಲ್ಲಿ ನಾನು ಗಿರಾಕಿಗೆ ಸುಳ್ಳು ಹೇಳಿದವನಲ್ಲ. ಬೇಡದ ಏಳೂವರೆ ಎಚ್‌ಪಿ ಕೊಟ್ಟಿದ್ದೇನೆ, ಅದು ಬೇರೆ. ಟ್ಯೂಬಿನ ತುಂಡಿದ್ದ ಚೀಲ ನನ್ನ ಕಾಲ ಬಳಿ ಇತ್ತು. "ಈ ಮಶಿನ್ನಿಗೆ ಅದಾವ್ರಿ" ಎಂದೆ.

ಸಾವಕಾರರು ಎದ್ದು ಧೋತರ ಜಾಡಿಸಿಕೊಂಡು, "ಕುಂಡ್ರಪಾ ಹಂಗಾರ. ನಿನ್ನ ಜಾಗಾ ನೀನ ಇಟ್ಕೊ" ಎಂದು ಗಲ್ಲಾಪೆಟ್ಟಿಗೆಯ ಕಡೆ ಹೋದರು. ಗೆಳೆಯ ಕುಳಿತ. ಅಸುಂಡಿಯವರ ಎರಡನೆಯ ಪಾತ್ರೆ ಒಂದು ಸ್ಟೀಲ್ ಬುಟ್ಟಿ, ಅದನ್ನೂ ಬರೆದುಕೊಟ್ಟ.

ಸಂಜೆ ಅವನು ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದ. ಗದಗ ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕುಳಿತೆವು.

"ಟ್ಯೂಬಿನ ತುಂಡು ನೋಡೇನಲೇ," ಎಂದ. "ಮುಂಜಾನೆ ಟಿಕೆಟ್ ತಗಿಯೂ ಮುಂದ, ನಿನ್ನ ಚೀಲದಾಗ."

"ಹೂಂ."

"ಒಳಗ ಹಚ್ಚಿದ್ರ ಸಾಕಾಗತೈತಿ?"

"ಸಾಕಾಗತೈತಿ."

ಎದುರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು.

"ಸುಳ್ಳ ಹೇಳಾಕ ಬರಾಂಗಿಲ್ಲ ನಿನಗ," ಎಂದ. "ಕಿವಿ ಕೆಂಪ ಆಗಿದ್ವು. ಸಾವಕಾರ್ರು ಕನ್ನಡಕ ತಗದಿದ್ರು, ಅದಕ್ಕ ಬಚಾವ್ ಆದಿ. ಏಳು, ಬಸ್ ಬಂತು."